ಪ್ರಶ್ನೋತ್ತರದಿಂದ ಕಥೆಗೆ: ಕರಾವಳಿ ಕರ್ನಾಟಕದಲ್ಲಿ ಮಕ್ಕಳ ಬೈಬಲ್ ಬೋಧನೆಯ ಚರಿತ್ರೆ

ಕರ್ನಾಟಕದ ಕ್ರೈಸ್ತ ಮಿಶನರಿಗಳನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೋದ್ಯಮ, ಹಂಚಿನ ಕಾರ್ಖಾನೆ, ನೇಯ್ಗೆ ಹೀಗೆ ಅವರ ಕೆಲಸದ ಹಲವು ಮುಖಗಳನ್ನು ವಿದ್ವಾಂಸರು ಪರಿಶೀಲಿಸಿದ್ದಾರೆ. ಕಿಟೆಲ್ ಮತ್ತು ಮೋಗ್ಲಿಂಗ್ ಅವರಂತೂ ಕನ್ನಡಿಗರ ಮನೆಮಾತಾಗಿದ್ದಾರೆ. ಆದರೆ ಈ ಎಲ್ಲ ಉದ್ಯಮಗಳಿಗೂ ಹಿನ್ನೆಲೆಯಾಗಿದ್ದ ದಿನನಿತ್ಯದ ಒಂದು ಕೆಲಸದ ಕಡೆಗೆ ನಮ್ಮ ಗಮನ ಹರಿದುದು ಕಡಿಮೆ. ಮಕ್ಕಳನ್ನು ಸಾಲಾಗಿ ಕುಳ್ಳಿರಿಸಿ ಧರ್ಮಗ್ರಂಥವನ್ನು ಓದಿಸುವ ಕೆಲಸವೇ ಅದು. ಅಚ್ಚುಕೂಟ ಸ್ಥಾಪನೆಯಾದುದು, ಗದ್ಯ ಸರಳಗೊಂಡುದು, ತುಳು ಭಾಷೆ ಕನ್ನಡ ಲಿಪಿಯಲ್ಲಿ ಮುದ್ರಣಗೊಂಡುದು ಇವೆಲ್ಲಕ್ಕೂ ಈ ಕೆಲಸದ ಒತ್ತಡ ಒಂದು ಮುಖ್ಯ ಕಾರಣವಾಗಿತ್ತು.

ಮಕ್ಕಳಿಗೆ ಕ್ರೈಸ್ತಮತವನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಮೊದಲನೆಯದು ಪ್ರಶ್ನೋತ್ತರ ಕ್ರಮ. ಮತದ ಸಾರವನ್ನು ಚಿಕ್ಕ ಚಿಕ್ಕ ಪ್ರಶ್ನೆಗಳಾಗಿ ವಿಂಗಡಿಸಿ, ಸಿದ್ಧವಾದ ಉತ್ತರಗಳನ್ನು ಬಾಯಿಪಾಠ ಮಾಡಿಸುವುದು ಇದರ ರೀತಿ. ಎರಡನೆಯದು ಗ್ರಂಥವನ್ನೇ, ಅಥವಾ ಗ್ರಂಥದ ಕಥೆಗಳನ್ನೇ, ಮಗುವಿನ ಕೈಗೆ ಕೊಡುವುದು. ಮೊದಲನೆಯದರಲ್ಲಿ ಉತ್ತರ ತಪ್ಪುವ ಭಯವಿಲ್ಲ. ಎರಡನೆಯದರಲ್ಲಿ ಮಗು ತನ್ನದೇ ಪ್ರಶ್ನೆಯನ್ನು ಕೇಳುವ ಸಾಧ್ಯತೆ ಇದೆ. ಕರಾವಳಿಯಲ್ಲಿ ಇವೆರಡೂ ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಸಭೆಗಳ ಮೂಲಕ ಬಂದವು. ಅವುಗಳ ನಡುವಿನ ಎಳೆದಾಟವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಎಳೆದಾಟದ ಮೊದಲ ದಾಖಲೆ ದೊರೆಯುವುದು ಗೋವೆಯ ಸಾಷ್ಟಿಯಲ್ಲಿ. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಈ ಎರಡೂ ಕ್ರಮಗಳಲ್ಲಿ ಗ್ರಂಥರಚನೆ ಮಾಡಿದವನು. ಮಕ್ಕಳಿಗೆ ಕಲಿಸುವುದಕ್ಕಾಗಿಯೇ ಸಂವಾದರೂಪದಲ್ಲಿ ರಚಿತವಾಗಿದ್ದ ಮಾರ್ಕೋಸ್ ಜೋರ್ಜನ ಪೋರ್ಚುಗೀಸ್ ಧರ್ಮೋಪದೇಶವನ್ನು ಅನುಸರಿಸಿ ಅವನು ಕೊಂಕಣಿಯಲ್ಲಿ 'ದೊತ್ರೀನ ಕ್ರಿಸ್ತಾಂ' ಎಂಬ ಪ್ರಶ್ನೋತ್ತರ ಗ್ರಂಥವನ್ನು ಬರೆದನು. ಅವನು ತೀರಿಕೊಂಡ ಮೂರು ವರ್ಷಗಳ ಬಳಿಕ, 1622ರಲ್ಲಿ, ರಾಚೋಲಿನಲ್ಲಿ ಅದು ಅಚ್ಚಾಯಿತು. ಕೊಂಕಣಿಯಲ್ಲಿ ಮುದ್ರಣಗೊಂಡ ಮೊದಲ ಪುಸ್ತಕವೆಂದು ಅದನ್ನು ಗುರುತಿಸಲಾಗಿದೆ. ಅದರ ಮುಖಪುಟದಲ್ಲಿ ಭಾಷೆಯನ್ನು 'ಬ್ರಾಹ್ಮಣ ಕನಾರಿಂ' ಎಂದು ಹೆಸರಿಸಲಾಗಿದೆ. 'ಕನಾರಿಂ' ಎಂಬ ಮಾತನ್ನು ಕಂಡು ಅದು ಕನ್ನಡವಿರಬೇಕೆಂದು ಭ್ರಮಿಸಿದವರೂ ಇದ್ದಾರೆ. ಪೋರ್ಚುಗೀಸರ ಬಳಕೆಯಲ್ಲಿ ಆ ಮಾತಿಗೆ ಕೊಂಕಣಿಯೆಂದೇ ಅರ್ಥ. ಮಂಗಳೂರಿನ ಕೊಂಕಣಿ ಕ್ರೈಸ್ತರು ಭಾನುವಾರದ ಧರ್ಮಪಾಠವನ್ನು ಕರೆಯುವ 'ದೊತೊರ್ನ್' ಎಂಬ ಹೆಸರು ಈ 'ದೊತ್ರೀನ' ಶಬ್ದದ ತದ್ಭವ.

ಸ್ಟೀಫನ್ಸನ ಎರಡನೆಯ ಕೃತಿ, ಆದರೆ ಮೊದಲು ಅಚ್ಚಾದುದು, 1616ರ 'ಕ್ರಿಸ್ತಪುರಾಣ'. ಕೊಂಕಣಿಯ ಸೊಗಡು ಬೆರೆತ ಮರಾಠಿಯಲ್ಲಿ ಸುಮಾರು 11,000 ಓವಿಗಳಲ್ಲಿ ರಚಿತವಾದ ಈ ಕಾವ್ಯದ 'ಪೈಲೆಂ ಪುರಾಣ' ಹಳೆಯ ಒಡಂಬಡಿಕೆಯ ಕಥೆಯನ್ನೂ 'ದುಸರೆಂ ಪುರಾಣ' ಯೇಸುವಿನ ಚರಿತ್ರೆಯನ್ನೂ ಹೇಳುತ್ತವೆ. ಕಾವ್ಯಕ್ಕೆ ಅವನು ಕೊಟ್ಟ ಪೀಠಿಕೆ ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾಗಿದೆ. ಇಗರ್ಜಿಯಲ್ಲಿ ಧರ್ಮಪಾಠ ನಡೆಯುತ್ತಿರುವ ಸಂದರ್ಭದಲ್ಲಿ ಮತಾಂತರಗೊಂಡ ಬ್ರಾಹ್ಮಣನೊಬ್ಬನು ಪಾದ್ರಿಯ ಮುಂದೆ ತನ್ನ ಕೊರತೆಯನ್ನು ತೋಡಿಕೊಳ್ಳುತ್ತಾನೆ. ಉಪದೇಶವೇನೋ ಒಳ್ಳೆಯದೇ, ಆದರೆ ಹಳೆಯ ಪುರಾಣಗಳನ್ನು ಕಳೆದುಕೊಂಡ ಜನರಿಗೆ ಓದಿ ಆನಂದಿಸಲು ಬೇರೊಂದು ಪುರಾಣ ಬೇಡವೇ ಎಂಬುದು ಅವನ ಪ್ರಶ್ನೆಯ ತಿರುಳು. ಇದು ನಿಜವಾಗಿ ನಡೆದುದೋ ಕವಿಕಲ್ಪಿತವೋ ಎಂಬುದು ಮುಖ್ಯವಲ್ಲ. ಬರೇ ಪ್ರಶ್ನೋತ್ತರದಿಂದ ಮಗುವಿನ ಬಾಯಿ ತುಂಬಬಹುದು, ಮನಸ್ಸು ತುಂಬುವುದಿಲ್ಲ ಎಂಬ ಅರಿವು ಪ್ರಶ್ನೋತ್ತರ ಗ್ರಂಥವನ್ನು ಬರೆದವನಿಗೇ ಇತ್ತು ಎಂಬುದು ಇಲ್ಲಿ ಮುಖ್ಯ.

ಆದರೂ ಸ್ಟೀಫನ್ಸ್ ಬೈಬಲನ್ನು ಅನುವಾದಿಸಲಿಲ್ಲ, ಪುನರ್ನಿರೂಪಿಸಿದನು. ದೇಶಭಾಷೆಯ ಬೈಬಲನ್ನು ಶ್ರೀಸಾಮಾನ್ಯರು ಓದಬೇಕಾದರೆ ಬಿಷಪರ ಅನುಮತಿ ಬೇಕೆಂಬ ನಿಯಮವನ್ನು ಕಥೋಲಿಕ ಸಭೆ 1564ರಲ್ಲಿಯೇ ವಿಧಿಸಿತ್ತು. ಗ್ರಂಥವನ್ನು ನೇರವಾಗಿ ಕೊಡಲಾಗದಿದ್ದಾಗ ಪುರಾಣದ ದಾರಿ ತೆರೆದುಕೊಂಡಿತು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಕ್ರೈಸ್ತ ಕುಟುಂಬಗಳು ಈ ಕಾವ್ಯವನ್ನು ತಮ್ಮೊಂದಿಗೆ ಕೆನರಾಕ್ಕೆ ತಂದವು. ಅದರ ಹಸ್ತಪ್ರತಿಗಳು ಮಂಗಳೂರು ಪ್ರಾಂತದಲ್ಲಿ ಉಳಿದುಬಂದುದರಿಂದಲೇ ಮುಂದೆ ಅದರ ಪುನರ್ಮುದ್ರಣ ಸಾಧ್ಯವಾಯಿತು.

ಇನ್ನು ಪ್ರೊಟೆಸ್ಟಂಟ್ ಪರಂಪರೆ. 'ಗ್ರಂಥವೊಂದೇ ಪ್ರಮಾಣ' ಎಂಬ ಲೂಥರನ ಘೋಷಣೆಯಿಂದ ಪ್ರಶ್ನೋತ್ತರ ಕ್ರಮ ಅಳಿದುಹೋಯಿತೆಂದು ಭಾವಿಸುವುದು ತಪ್ಪಾಗುತ್ತದೆ. 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದ ಲೂಥರನೇ 1529ರಲ್ಲಿ ಮನೆಯ ಯಜಮಾನರು ಮಕ್ಕಳಿಗೂ ಆಳುಗಳಿಗೂ ಕಲಿಸಲೆಂದು 'ಚಿಕ್ಕ ಪ್ರಶ್ನೋತ್ತರ'ವನ್ನು ರಚಿಸಿದನು. ಹಳ್ಳಿಗಳ ಸಭೆಗಳನ್ನು ಸಂದರ್ಶಿಸಿ ಅಲ್ಲಿನ ಜನರ ಅಜ್ಞಾನವನ್ನು ಕಣ್ಣಾರೆ ಕಂಡ ಬಳಿಕ ಹುಟ್ಟಿದ ಪುಸ್ತಕವದು. ಗ್ರಂಥವನ್ನು ಎಲ್ಲರ ಕೈಗೂ ಕೊಟ್ಟವನಿಗೆ, ಅದನ್ನು ಎಲ್ಲರೂ ತಮತಮಗೆ ತೋಚಿದಂತೆ ಓದಿದರೆ ಏನಾದೀತೆಂಬ ಅಂಜಿಕೆಯೂ ಇತ್ತು. ಮುಂದಿನ ಶತಮಾನದ ಕೊನೆಯಲ್ಲಿ ಪಯಟಿಸ್ಟ್ ಎಂದು ಹೆಸರಾದ ಭಕ್ತಿಪಂಥ ಈ ಬಾಯಿಪಾಠದ ಜಡತೆಯನ್ನು ಪ್ರಶ್ನಿಸಿತು. ಹಾಲೆ ನಗರದಲ್ಲಿ ಫ್ರಾಂಕೆ ನಡೆಸಿದ ಶಾಲೆಗಳು, ಅಲ್ಲಿಯೇ 1710ರಲ್ಲಿ ಸ್ಥಾಪನೆಯಾದ ಕಾನ್‌ಸ್ಟೈನನ ಸುಲಭ ಬೆಲೆಯ ಬೈಬಲ್ ಮುದ್ರಣ ಸಂಸ್ಥೆ, 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಸೀಗೆನ್‌ಬಾಲ್ಗನ ತಮಿಳು ಶಾಲೆಗಳು ಮತ್ತು ತಮಿಳು ಹೊಸ ಒಡಂಬಡಿಕೆ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು.

ಈ ಬಳ್ಳಿಯಲ್ಲಿ ಬಿಟ್ಟ ಒಂದು ಪುಸ್ತಕ ನಮಗೆ ವಿಶೇಷ ಮುಖ್ಯವಾದುದು. 1714ರಲ್ಲಿ ಯೋಹಾನ್ ಹ್ಯೂಬ್ನರ್ ಎಂಬ ಜರ್ಮನ್ ಶಾಲಾಧ್ಯಾಪಕನು 'ಎರಡು ಬಾರಿ ಐವತ್ತೆರಡು' ಬೈಬಲ್ ಕಥೆಗಳ ಸಂಗ್ರಹವನ್ನು ಪ್ರಕಟಿಸಿದನು. ಹಳೆಯ ಒಡಂಬಡಿಕೆಯಿಂದ 52, ಹೊಸದರಿಂದ 52. ವಾರಕ್ಕೊಂದರಂತೆ ಓದಿದರೆ ಎರಡು ವರ್ಷದ ಪಾಠ. ಪ್ರತಿ ಕಥೆಯ ಹಿಂದೆ ಪ್ರಶ್ನೆಗಳು, ನೀತಿಗಳು, ಭಕ್ತಿಯ ಪದ್ಯಗಳು. ಅಂದರೆ ಕಥೆ ಬಂದರೂ ಪ್ರಶ್ನೋತ್ತರ ಬಾಲದಂತೆ ಹಿಂದೆಯೇ ಬಂದಿತು. 1832ರಲ್ಲಿ ವ್ಯುರ್ಟೆಂಬರ್ಗಿನ ಕ್ರಿಸ್ಟಿಯಾನ್ ಗೊಟ್ಲೋಬ್ ಬಾರ್ತ್ ಎಂಬ ಪಾದ್ರಿ ಅದೇ 104ರ ಲೆಕ್ಕವನ್ನು ಉಳಿಸಿಕೊಂಡು ಶಾಲೆಗಳಿಗೂ ಕುಟುಂಬಗಳಿಗೂ ಹೊಸ ಕಥಾಸಂಗ್ರಹವನ್ನು ಸಿದ್ಧಪಡಿಸಿದನು. ಇದರಲ್ಲಿ ನಿರೂಪಣೆ ಆದಷ್ಟೂ ಬೈಬಲಿನ ಮಾತುಗಳಿಗೇ ಹತ್ತಿರವಾಗಿ ನಿಲ್ಲುತ್ತದೆ. ಹತ್ತಾರು ಭಾಷೆಗಳಿಗೆ ಅನುವಾದಗೊಂಡ ಈ ಪುಸ್ತಕ ಬಾಸೆಲ್ ಮಿಶನ್ನಿನ ಮೂಲಕ ಕನ್ನಡಕ್ಕೂ ಮಲಯಾಳಕ್ಕೂ ಬಂದಿತು. ಬಾರ್ತನು ಕಾಲ್ವ್ ಎಂಬ ಊರಿನಲ್ಲಿ ಸ್ಥಾಪಿಸಿದ ಪ್ರಕಟಣಾಲಯವನ್ನು ಅವನು 1862ರಲ್ಲಿ ತೀರಿಕೊಂಡ ಮೇಲೆ ನಡೆಸಿದವನು, ಮಲಬಾರಿನಿಂದ ಹಿಂತಿರುಗಿದ್ದ ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟ್. ಕಾಲ್ವ್ ಮತ್ತು ನಮ್ಮ ಕರಾವಳಿಯ ನಡುವಿನ ಸಂಬಂಧ ಅಷ್ಟು ನಿಕಟವಾಗಿತ್ತು.

1833ರ ಸನ್ನದು ಬ್ರಿಟಿಷೇತರ ಮಿಶನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರನ್ನು ಸೇರಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದನು. ಅವನು ಹುಡುಗರನ್ನು ಜೊತೆಯಲ್ಲಿರಿಸಿಕೊಂಡು, ಅವರೊಡನೆಯೇ ಬಾಳಿ, ಕನ್ನಡದಲ್ಲಿಯೇ ಕಲಿಸುವ ವಸತಿಶಾಲೆಯನ್ನು ಕಟ್ಟಿದನು. ಬಲ್ಮಠದ ಗುಡ್ಡದಲ್ಲಿ ಬೆಳೆದ ಸೆಮಿನರಿಗೆ ಅದು ಮೂಲ. ದಿನದ ಆರಂಭ ಮತ್ತು ಮುಕ್ತಾಯ ಗ್ರಂಥಪಠಣದಿಂದ. ಇದು ವ್ಯುರ್ಟೆಂಬರ್ಗಿನ ಭಕ್ತ ಕುಟುಂಬದ ಕ್ರಮ. ಶಾಲೆಯನ್ನೇ ಅವನು ಮನೆಯನ್ನಾಗಿ ಮಾಡಿದನೆನ್ನಬಹುದು.

ಆದರೆ ಯಾವ ಕನ್ನಡದಲ್ಲಿ ಓದಿಸುವುದು? 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ನೆರವಿನಿಂದ ಬೈಬಲನ್ನು ಕನ್ನಡಕ್ಕೆ ತಂದಿದ್ದನು. 1830ರ ದಶಕದ ಆರಂಭದ ವೇಳೆಗೆ ಇಡೀ ಗ್ರಂಥ ಅಚ್ಚಿನಲ್ಲಿ ಲಭ್ಯವಿತ್ತು. ಪಯನೀಯರ್ ಕೃತಿಯಾಗಿ ಅದರ ಬೆಲೆ ದೊಡ್ಡದು. ಆದರೆ ಅದರ ಭಾಷೆ ಮಂಗಳೂರಿನವರಿಗೆ ತೃಪ್ತಿ ತರಲಿಲ್ಲ. ಪಂಡಿತನಿಗೆ ಒರಟು, ಮಗುವಿಗೆ ಕ್ಲಿಷ್ಟ ಎನ್ನುವ ಗ್ರಂಥವನ್ನು ನೇರವಾಗಿ ಓದಿಸಿ ಪ್ರಯೋಜನವೇನು? ವೈಗಲ್, ಮೋಗ್ಲಿಂಗ್ ಮೊದಲಾದವರು ಪರಿಷ್ಕರಣಕ್ಕೆ ಕೈಹಾಕಿದರು. ಈ ಕಾರ್ಯದಲ್ಲಿ ತನ್ನನ್ನೇ ತೊಡಗಿಸಿಕೊಂಡಿದ್ದ ಗೊಟ್‌ಫ್ರೀಡ್ ವೈಗಲ್ ಅದು ಪೂರ್ಣಗೊಳ್ಳುವುದನ್ನು ಕಾಣದೆ 1855ರಲ್ಲಿ ತೀರಿಕೊಂಡನು. ಪರಿಷ್ಕರಣದ ಕಾಲದಲ್ಲಿಯೇ, 1848ರಿಂದ 1853ರವರೆಗೆ, ಮೋಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸುತ್ತಿದ್ದುದು ಆಕಸ್ಮಿಕವಲ್ಲ. ಐಗಳ ಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿ ಜೈಮಿನಿಯನ್ನು ರಾಗವಾಗಿ ಓದುತ್ತಿದ್ದ ಹುಡುಗರ ಕಿವಿಗೆ ಬೈಬಲಿನ ಗದ್ಯ ಬೀಳಬೇಕಾಗಿತ್ತು. ಆ ಕಿವಿಯನ್ನು ಅರಿಯದೆ ಈ ಗದ್ಯ ನಿಲ್ಲದೆಂಬುದನ್ನು ಮೋಗ್ಲಿಂಗ್ ಅರಿತಿದ್ದನು. ಅದೇ ಹೊತ್ತಿಗೆ, ಆ ಮಠಗಳ ವಿದ್ಯೆಯನ್ನು ಮಿಶನರಿಗಳು ತಮ್ಮ ವರದಿಗಳಲ್ಲಿ ಅಂಧಕಾರವೆಂದೇ ಕರೆದರು. ಅಲ್ಲಿನ ಬಾಯಿಪಾಠದ ಪದ್ಧತಿಯನ್ನು ಮಾತ್ರ ಬೈಬಲ್ ವಚನಗಳಿಗಾಗಿ ಸದ್ದಿಲ್ಲದೆ ಎರವಲು ಪಡೆದರು. ಈ ಋಣವನ್ನು ಅವರು ಒಪ್ಪಿಕೊಂಡುದು ಕಾಣುವುದಿಲ್ಲ.

ಇಲ್ಲಿ ತುಳುವಿನ ವಿಚಾರವನ್ನೂ ಗಮನಿಸಬೇಕು. ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ತುಳು ಮಾತನಾಡುವ ಬಿಲ್ಲವರು. ಅವರ ಮಕ್ಕಳಿಗೆ ಕನ್ನಡವೂ ಕಲಿತು ಬರಬೇಕಾದ ಭಾಷೆ. ನೇರವಾಗಿ ಗ್ರಂಥದಿಂದಲೇ ಕಲಿಸಬೇಕೆಂಬ ತತ್ತ್ವಕ್ಕೆ ನಿಷ್ಠರಾಗಿರಬೇಕಾದರೆ ತುಳುವಿನಲ್ಲಿಯೇ ಗ್ರಂಥ ಬೇಕು. ಗ್ರೈನರನ ಪ್ರಯತ್ನದಿಂದ 1842ರಲ್ಲಿ ಮತ್ತಾಯನ ಸುವಾರ್ತೆಯೂ 1847ರಲ್ಲಿ ಇಡೀ ಹೊಸ ಒಡಂಬಡಿಕೆಯೂ ತುಳುವಿನಲ್ಲಿ ಹೊರಬಂದವು, ಲಿಪಿ ಕನ್ನಡ. ಈ ಆಯ್ಕೆಯಿಂದ ಒಂದೇ ಅಕ್ಷರಮಾಲೆಯನ್ನು ಕಲಿತ ಮಗು ಎರಡು ಭಾಷೆಗಳಲ್ಲಿ ಓದುವಂತಾಯಿತು. ಆಧುನಿಕ ತುಳು ಬರವಣಿಗೆ ಕನ್ನಡ ಲಿಪಿಯಲ್ಲಿ ಬೇರೂರಿದುದಕ್ಕೆ 1841ರಲ್ಲಿ ಆರಂಭವಾದ ಮಂಗಳೂರಿನ ಕಲ್ಲಚ್ಚಿನ ಕೊಡುಗೆ ಎಷ್ಟೆಂಬುದನ್ನು ತುಳು ಲಿಪಿಯ ಕುರಿತಾದ ಚರ್ಚೆಗಳಲ್ಲಿ ನಾವು ಹಲವೊಮ್ಮೆ ಮರೆಯುತ್ತೇವೆ. ಹುಡುಗಿಯರ ವಿಷಯವೂ ಇಲ್ಲಿಗೆ ಸೇರಿದುದೇ. ಸಭೆಯ ಪೂರ್ಣ ಸದಸ್ಯತ್ವಕ್ಕೆ ದೃಢೀಕರಣದ ಪಾಠ ಹುಡುಗರಿಗಿರುವಂತೆ ಹುಡುಗಿಯರಿಗೂ ಇತ್ತು. ಗ್ರಂಥವನ್ನು ಓದುವುದೇ ಭಕ್ತಿಯ ಲಕ್ಷಣವೆಂದ ಮೇಲೆ ಹೆಣ್ಣುಮಕ್ಕಳಿಗೆ ಅಕ್ಷರವನ್ನು ನಿರಾಕರಿಸುವುದಕ್ಕೆ ಕಾರಣ ಉಳಿಯಲಿಲ್ಲ.

ಇದುವರೆಗೆ ಹೇಳಿದುದು ಸಭೆಯ ಮಕ್ಕಳ ಮಾತು. ಅನ್ಯಧರ್ಮೀಯರ ಮಕ್ಕಳ ಮುಂದೆ ಇದೇ ಗ್ರಂಥವನ್ನು ತೆರೆದಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಮಂಗಳೂರಿನಲ್ಲಿ ಮಿಶನ್ 1830ರ ದಶಕದ ಕೊನೆಯಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದಿತ್ತು. ನೌಕರಿಯ ಆಸೆಯಿಂದ ಮೇಲ್ಜಾತಿಯ ಮನೆಗಳು ಮಕ್ಕಳನ್ನು ಕಳುಹಿಸಿದವು; ಬೈಬಲ್ ಪಾಠವನ್ನು ಇಂಗ್ಲಿಷ್ ಕಲಿಕೆಯ ಸುಂಕವೆಂಬಂತೆ ಸಹಿಸಿದವು. 1844ರ ಜನವರಿಯಲ್ಲಿ ಈ ಶಾಲೆಯಲ್ಲಿ ಓದಿದ್ದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದನು. ಊರಿನಲ್ಲಿ ಭಾರಿ ಕ್ಷೋಭೆ ಉಂಟಾಯಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಕೌಂಡಿನ್ಯ 1846ರಲ್ಲಿ ಬಾಸೆಲಿಗೆ ಹೋಗಿ, ಅಲ್ಲಿ ಕಲಿತು, 1851ರಲ್ಲಿ ಗುರುದೀಕ್ಷೆ ಪಡೆದು ಹಿಂತಿರುಗಿ ಮಂಗಳೂರಿನ ಸೆಮಿನರಿಯಲ್ಲಿ ಬೋಧಕನಾದನು. ಮಿಶನ್ನಿನ ಇತಿಹಾಸಕಾರರು ಈ ಘಟನೆಯನ್ನು ಗ್ರಂಥದ ಶಕ್ತಿಗೆ ಸಾಕ್ಷಿಯೆಂದು ಬಣ್ಣಿಸುತ್ತಾರೆ. ಶಾಲೆಗೆ ಮಗನನ್ನು ಕಳುಹಿಸಿದ ಮನೆಯ ಹೊಸ್ತಿಲಲ್ಲಿ ನಿಂತು ನೋಡಿದರೆ ಅದು ನಂಬಿಕೆದ್ರೋಹ. ಈ ಎರಡು ನೋಟಗಳಲ್ಲಿ ಒಂದನ್ನು ಸುಳ್ಳೆಂದು ತಳ್ಳಿಹಾಕಲು ಚರಿತ್ರಕಾರನಿಗೆ ಅಧಿಕಾರವಿಲ್ಲವೆಂದು ನನ್ನ ಭಾವನೆ. ಕೌಂಡಿನ್ಯನಿಗೆ ಆಗ ಸುಮಾರು 19 ವರ್ಷ. ಅವನು ತನ್ನ ವಿವೇಚನೆಯಿಂದಲೇ ನಡೆದನೆಂಬುದಕ್ಕೆ ಅವನ ಮುಂದಿನ ಇಡೀ ಬದುಕೇ ಆಧಾರ. ಆದರೆ ಅದೇ ಕೊಠಡಿಯಲ್ಲಿ ಎಂಟು ಹತ್ತು ವಯಸ್ಸಿನ ಮಕ್ಕಳೂ ಕುಳಿತಿರುತ್ತಿದ್ದರು. ಅವರ ಪರವಾಗಿ ನಿರ್ಧರಿಸುವವರು ಯಾರು?

ಈ ಪ್ರಶ್ನೆ ಎರಡೇ ವರ್ಷಗಳಲ್ಲಿ ರಾಜಧಾನಿಯನ್ನು ಮುಟ್ಟಿತು. ಆಗ ಕೆನರಾ ಜಿಲ್ಲೆ ಮದರಾಸು ಅಧಿಪತ್ಯಕ್ಕೆ ಸೇರಿತ್ತು. 1846ರಲ್ಲಿ ಮದರಾಸಿನ ಗವರ್ನರ್ ಟ್ವೀಡೇಲ್ ಸರ್ಕಾರಿ ಶಾಲೆಗಳಲ್ಲಿಯೂ ಬೈಬಲನ್ನು ಪಠ್ಯವಾಗಿ ಇರಿಸಬೇಕೆಂದು ಟಿಪ್ಪಣಿ ಬರೆದನು. ಗಾಜುಲ ಲಕ್ಷ್ಮೀನರಸು ಚೆಟ್ಟಿಯವರ ಮುಂದಾಳುತನದಲ್ಲಿ ಮದರಾಸಿನ ಹಿಂದೂ ನಾಗರಿಕರು ಸಭೆ ಸೇರಿ ಪ್ರತಿಭಟಿಸಿದರು. ಕಂಪೆನಿಯ ನಿರ್ದೇಶಕರು 1847ರಲ್ಲಿ ಈ ಸೂಚನೆಯನ್ನು ತಿರಸ್ಕರಿಸಿದರು. 1854ರ ವುಡ್ಸ್ ನಿರೂಪದಲ್ಲಿ ನೀತಿ ಇನ್ನಷ್ಟು ಸ್ಪಷ್ಟವಾಯಿತು. ಸರ್ಕಾರಿ ಶಾಲೆಗಳ ಪುಸ್ತಕಭಂಡಾರದಲ್ಲಿ ಬೈಬಲ್ ಇರಬಹುದು. ವಿದ್ಯಾರ್ಥಿ ತಾನಾಗಿ ಕೇಳಿದರೆ ಉಪಾಧ್ಯಾಯನು ಶಾಲೆಯ ವೇಳೆಯ ಹೊರಗೆ ವಿವರಿಸಬಹುದು. ಪಾಠ ಮಾತ್ರ ಲೌಕಿಕವಾಗಿರಬೇಕು. ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವಾಗ ತನಿಖಾಧಿಕಾರಿಗಳು ಅಲ್ಲಿನ ಮತಬೋಧನೆಯನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ. ಹೀಗೆ ಮಿಶನ್ ಶಾಲೆಯಲ್ಲಿ ಬೈಬಲ್ ಪಾಠಕ್ಕೆ ತಡೆಯೂ ಇಲ್ಲ, ಸರ್ಕಾರದ ಲೆಕ್ಕದಲ್ಲಿ ಸ್ಥಾನವೂ ಇಲ್ಲ ಎಂಬ ಸ್ಥಿತಿ ಏರ್ಪಟ್ಟಿತು. ಗಣಿತಕ್ಕೂ ಭೂಗೋಳಕ್ಕೂ ತನಿಖೆ, ಪರೀಕ್ಷೆ. ಮಿಶನ್ ಯಾವುದಕ್ಕಾಗಿ ಶಾಲೆ ತೆರೆದಿತ್ತೋ ಆ ಪಾಠಕ್ಕೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ. ಅನೇಕ ಮಿಶನರಿಗಳನ್ನು ಈ ವಿಪರ್ಯಾಸ ಕಾಡಿದ್ದಿರಬೇಕು. ತಂದೆತಾಯಿಗಳ ಒಪ್ಪಿಗೆಯ ಪ್ರಶ್ನೆಗೆ ನೇರವಾದ ಶಾಸನದ ಉತ್ತರ ದೊರೆತುದು ಸ್ವತಂತ್ರ ಭಾರತದ ಸಂವಿಧಾನದ 28ನೆಯ ವಿಧಿಯಲ್ಲಿ. ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ, ಅವನು ಅಪ್ರಾಪ್ತ ವಯಸ್ಕನಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಮತಬೋಧನೆಗೆ ಹಾಜರಾಗಬೇಕೆಂದು ಕಡ್ಡಾಯ ಮಾಡುವಂತಿಲ್ಲ.

'ನೇರವಾಗಿ ಗ್ರಂಥದಿಂದ' ಎಂಬ ಮಾತಿನ ಇತಿಮಿತಿಯನ್ನೂ ಹೇಳದೆ ಬಿಡುವಂತಿಲ್ಲ. 104 ಕಥೆಗಳನ್ನು ಆರಿಸಿದುದು ಗ್ರಂಥವಲ್ಲ, ಬಾರ್ತ್. ಕಥಾರೂಪವಿಲ್ಲದ ಭಾಗಗಳಿಗೆ ಅಲ್ಲಿ ಸಹಜವಾಗಿಯೇ ಎಡೆ ಕಡಿಮೆ. ಕನ್ನಡದಲ್ಲಿ ಬೈಬಲಿಗೆ 'ಸತ್ಯವೇದ' ಎಂಬ ಹೆಸರು ನಿಂತಾಗಲೇ, ಪುಟ ತೆರೆಯುವ ಮೊದಲೇ, ಒಂದು ವಾದವನ್ನು ಮಗುವಿನ ಮುಂದೆ ಇಟ್ಟಂತಾಯಿತು. ಉಳಿದ ವೇದಗಳ ಗತಿ ಏನೆಂಬ ಪ್ರಶ್ನೆ ಆ ಹೆಸರಿನಲ್ಲಿಯೇ ಅಡಗಿದೆ. ಪಾಠ ಹೇಳುತ್ತಿದ್ದವರು ಬಹುಮಟ್ಟಿಗೆ ಊರಿನವರೇ ಆದ ಉಪದೇಶಿಗಳು. ಮಗು ಕೇಳಿದ ಕಥೆ ಅವರ ದನಿಯಲ್ಲಿ, ಅವರ ಉಪಮೆಗಳಲ್ಲಿ ಬಂದ ಕಥೆ. ಪ್ರಶ್ನೋತ್ತರವೂ ತೊಲಗಲಿಲ್ಲ; ದೃಢೀಕರಣದ ತರಗತಿಯಲ್ಲಿ ಅದು ತನ್ನ ಸ್ಥಾನವನ್ನು ಕಾಯ್ದುಕೊಂಡಿತು.

ಗದ್ಯದ ಕಥೆಯಿಂದ ತೃಪ್ತನಾಗದವನು ಕಿಟೆಲ್. 1853ರಲ್ಲಿ ಕರ್ನಾಟಕಕ್ಕೆ ಬಂದ ಅವನು 1862ರಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ' ಎಂಬ ಹೆಸರಿನಿಂದ ಹೊರತಂದನು. ಸ್ಟೀಫನ್ಸನ ಓವಿಗಳಿಗೂ ಕಿಟೆಲನ ಪದ್ಯಗಳಿಗೂ ನಡುವೆ ಎರಡೂವರೆ ಶತಮಾನಗಳ ಅಂತರವಿದೆ. ಸಭೆ ಬೇರೆ, ಭಾಷೆ ಬೇರೆ. ಆದರೂ ಈ ನಾಡಿನಲ್ಲಿ ಕಥೆ ಕಿವಿಯ ಮೂಲಕ ಒಳಗೆ ಹೋಗಬೇಕೆಂಬ ತೀರ್ಮಾನಕ್ಕೆ ಇಬ್ಬರೂ ಬಂದರು. ಪದ್ಯವಾಗಿ 'ಕಥಾಮಾಲೆ' ಉತ್ತಮ ಕೃತಿಯೆಂದು ಹೇಳುವುದು ಕಷ್ಟ. ಆದರೆ ಅದನ್ನು ಬರೆಯುವುದಕ್ಕಾಗಿ ಕನ್ನಡ ಛಂದಸ್ಸಿಗೆ ಇಳಿದವನು ಮುಂದೆ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದನೆಂಬುದನ್ನು ನೆನೆದರೆ ಆ ಶ್ರಮ ವ್ಯರ್ಥವಾಗಲಿಲ್ಲ.

ಮಕ್ಕಳಿಗೆ ಗ್ರಂಥವನ್ನು ಕೊಟ್ಟವರು ಆ ಮಕ್ಕಳು ಬೆಳೆದು ಯಾವ ಗ್ರಂಥವನ್ನು ಕೈಗೆತ್ತಿಕೊಳ್ಳುವರೆಂಬುದನ್ನು ಊಹಿಸಿರಲಾರರು. ಧಾರವಾಡದ ಬಾಸೆಲ್ ಮಿಶನ್ ಸಭೆಯಲ್ಲಿ 1881ರಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ದೈವಜ್ಞಾನವನ್ನು ಕಲಿತು ಸಭಾಪಾಲಕರಾದ ಉತ್ತಂಗಿ ಚನ್ನಪ್ಪನವರು ಹಳ್ಳಿ ಹಳ್ಳಿ ಅಲೆದು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿದರು. ಓಲೆಯ ಪ್ರತಿಗಳನ್ನೂ ಜನರ ಬಾಯಲ್ಲಿದ್ದ ಪಾಠಗಳನ್ನೂ ಹೋಲಿಸಿ 1924ರಲ್ಲಿ ಅವುಗಳನ್ನು ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರನ್ನು ಅರಸಿ ಬಂದಿತು. ಸಾಲುಸಾಲಾಗಿ ಒಂದು ಗ್ರಂಥವನ್ನು ಓದುವ, ಪಾಠಾಂತರಕ್ಕೆ ಬೆಲೆ ಕೊಡುವ ಶಿಸ್ತು ಅವರಿಗೆ ಸೆಮಿನರಿಯಿಂದ ಬಂದಿತ್ತು; ಸರ್ವಜ್ಞನ ಮೇಲಿನ ಪ್ರೀತಿ ಅಲ್ಲಿಂದ ಬಂದುದಲ್ಲ.

ಇತ್ತ ಕಥೋಲಿಕ ಮಂಗಳೂರಿನಲ್ಲಿ ದೊತೊರ್ನಿನ ಬಾಯಿಪಾಠ ಇಪ್ಪತ್ತನೆಯ ಶತಮಾನಕ್ಕೂ ಮುಂದುವರಿಯಿತು. ಗ್ರಂಥವು ವಿಶ್ವಾಸಿಗಳೆಲ್ಲರಿಗೂ ಧಾರಾಳವಾಗಿ ದೊರೆಯಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿದುದು 1965ರಲ್ಲಿ. ಅದಕ್ಕೆ ಬಹಳ ಮೊದಲೇ, 1907ರಲ್ಲಿ, ಜೋಸೆಫ್ ಎಲ್. ಸಲ್ಡಾನ್ಹಾ ಅವರು ಕೆನರಾದ ಮನೆಗಳಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು ಕಲೆಹಾಕಿ 'ಕ್ರಿಸ್ತಪುರಾಣ'ವನ್ನು ಮಂಗಳೂರಿನಲ್ಲಿ ರೋಮನ್ ಲಿಪಿಯಲ್ಲಿ ಮತ್ತೆ ಅಚ್ಚುಮಾಡಿಸಿದರು. ಹದಿನೇಳನೆಯ ಶತಮಾನದ ಮುದ್ರಣಗಳ ಒಂದು ಪ್ರತಿಯೂ ಅವರ ಕೈಗೆ ಸಿಕ್ಕಿರಲಿಲ್ಲ.